ಪಾಟೀಸವಾಲು ನಿಲ್ಲಿಸಿ ಓದಿದ ಕಾದಂಬರಿ

ಕೆನಡಾದ ರಾಬರ್ಟ್‌ಸನ್ ಡೇವೀಸ್ ಬರೆದ ‘ದಿ ಮ್ಯಾಂಟಿಕೋರ್’ ಕಾದಂಬರಿಯನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ವಕೀಲನಾಗಿ. ಅದೇ ತಪ್ಪಾಯಿತು.

ತಪ್ಪಾಗಲು ಕಾರಣವೂ ಇತ್ತು. ಕತೆಯ ಹಿಂದೆ ಇರುವುದೇ ಒಂದು ಸಾವು. ಟೊರಾಂಟೋ ಬಂದರಿನ ನೀರಿನಿಂದ ಕಾರೊಂದನ್ನು ಮೇಲೆತ್ತುತ್ತಾರೆ. ಒಳಗೆ ಸತ್ತಿರುವವನು ಬಾಯ್ ಸ್ಟಾಂಟನ್ ಎಂಬ ಶ್ರೀಮಂತ, ಅವನ ಬಾಯಲ್ಲಿ ಒಂದು ಕಲ್ಲು. ಅವನ ಮಗ ಡೇವಿಡ್ ಸ್ಟಾಂಟನ್ ಹೆಸರು ಮಾಡಿದ ಕ್ರಿಮಿನಲ್ ವಕೀಲ. ಒಂದು ದಿನ ತುಂಬಿದ ಜಾದೂ ಪ್ರದರ್ಶನದ ನಡುವೆ ‘ಬಾಯ್ ಸ್ಟಾಂಟನ್‌ನನ್ನು ಕೊಂದವರು ಯಾರು?’ ಎಂದು ಕೂಗುತ್ತಾನೆ. ಆಮೇಲೆ ತನ್ನ ಮನಸ್ಸಿನ ಬಗ್ಗೆ ತನಗೇ ಭಯವಾಗಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗಿ, ಮನೋವೈದ್ಯ ಕಾರ್ಲ್ ಯೂಂಗ್‌ನ ಹಾದಿಯಲ್ಲಿ ಚಿಕಿತ್ಸೆ ಕೊಡುವ ಡಾ. ಫಾನ್ ಹಾಲರ್ ಎಂಬ ವೈದ್ಯೆಯ ಎದುರು ಕೂರುತ್ತಾನೆ. ಜಿಲ್ಲಾ ಕೋರ್ಟಿನಲ್ಲಿ 20 ವರ್ಷ ಕೇಸು ನಡೆಸಿದ ನನಗೆ ಇದಕ್ಕಿಂತ ಆಕರ್ಷಣೆ ಬೇಕೇ? ಕೊಂದವರು ಯಾರೆಂದು ಹುಡುಕುತ್ತಾ ಹೋದೆ. ಪುಟದಂಚಿನಲ್ಲಿ ಪೆನ್ಸಿಲಿನಿಂದ ‘ಇದು ನೆರಳು’ (ಮನಸ್ಸು ಅಡಗಿಸಿಟ್ಟ ಭಾಗ), ‘ಇದು ಆನಿಮಾ’ (ಗಂಡಸಿನ ಮನಸ್ಸಿನೊಳಗಿನ ಹೆಣ್ಣಿನ ಬಿಂಬ) ಎಂದು ಯೂಂಗ್‌ನ ಪರಿಭಾಷೆಯನ್ನೂ ಗುರುತು ಹಾಕಿದೆ. ಮುಗಿಸಿದಾಗ ಕೈಯಲ್ಲಿ ಉಳಿದದ್ದು ಪದಗಳು ಮಾತ್ರ.

ಎರಡನೆಯ ಸಲ ತೆಗೆದದ್ದು ನನ್ನ ಅಪ್ಪ ತೀರಿಕೊಂಡ ವರ್ಷ. ಈ ಸಲ ಓದುವ ಕ್ರಮವನ್ನೇ ಬದಲಿಸಿದೆ. ಪುಸ್ತಕದಲ್ಲಿ ಮೂರು ಭಾಗಗಳಿವೆ. ನಡುವಿನ, ಅತಿ ದೊಡ್ಡ ಭಾಗ ಡೇವಿಡ್ ತಾನೇ ಬರೆದಿಟ್ಟ ಟಿಪ್ಪಣಿ ಪುಸ್ತಕದ ರೂಪದಲ್ಲಿದೆ. ಅದರಲ್ಲಿ ವೈದ್ಯೆಯೂ ಅವನೂ ಆಡುವ ಮಾತು ಅಲ್ಲಲ್ಲಿ ನಾಟಕದ ಸಂಭಾಷಣೆಯಂತೆ ಬರುತ್ತದೆ. ರಾತ್ರಿಗೆ ಒಂದು ಭೇಟಿಯಷ್ಟೇ ಓದುತ್ತಿದ್ದೆ. ವೈದ್ಯೆ ಪ್ರಶ್ನೆ ಕೇಳಿದ ಕೂಡಲೇ ಪುಸ್ತಕ ಮಡಚಿ, ಅದಕ್ಕೆ ನನ್ನ ಉತ್ತರವನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಆಮೇಲೆ ಡೇವಿಡ್ ಏನು ಹೇಳುತ್ತಾನೆಂದು ನೋಡುತ್ತಿದ್ದೆ.

ನಾಲ್ಕನೆಯ ರಾತ್ರಿ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಕೇಳಿದಷ್ಟಕ್ಕೇ ಹೇಳಿ, ಹೆಚ್ಚು ಮಾತು ಬೇಡ’ ಎಂದು ಕಟಕಟೆ ಹತ್ತುವ ಮುಂಚೆ ಸಾಕ್ಷಿಗೆ ನಾವು ಹೇಳಿರುತ್ತೇವೆ. ಡೇವಿಡ್ ವೈದ್ಯೆಗೆ ಉತ್ತರ ಕೊಡುವುದು ಥೇಟ್ ಹಾಗೆಯೇ. ಅವನ ತಲೆಯೊಳಗೇ ಒಂದು ಕೋರ್ಟು ಇದೆ. ಅಲ್ಲಿ ಪ್ರಾಸಿಕ್ಯೂಟರ್ ಅವನೇ, ಆರೋಪಿಯ ಪರ ವಕೀಲನೂ ಅವನೇ, ನ್ಯಾಯಾಧೀಶನೂ ಅವನೇ. ನನ್ನ ನೋಟುಬುಕ್ಕನ್ನು ತಿರುವಿ ನೋಡಿದರೆ ಅಪ್ಪನ ಬಗ್ಗೆ ನಾನು ಬರೆದದ್ದೆಲ್ಲ ಲಿಖಿತ ಹೇಳಿಕೆಯಂತೆ ಇತ್ತು: ತಾರೀಖು, ಆಸ್ಪತ್ರೆ, ಖರ್ಚು. ಅಪ್ಪ ಎಲ್ಲೂ ಇರಲಿಲ್ಲ.

ಡೇವಿಡ್‌ಗೆ ಒಂದು ಕನಸು ಬೀಳುತ್ತದೆ. ಬಿಳಿ ನಿಲುವಂಗಿಯ ಹೆಂಗಸೊಬ್ಬಳು ಸರಪಳಿ ಹಾಕಿ ಸಿಂಹವೊಂದನ್ನು ಹಿಡಿದಿದ್ದಾಳೆ. ಸಿಂಹದ ಮುಖ ಅವನದೇ, ಬಾಲದ ತುದಿಯಲ್ಲಿ ಮುಳ್ಳು. ಅದೇ ಮ್ಯಾಂಟಿಕೋರ್. ಬುದ್ಧಿ ಬೆಳೆದು ಭಾವ ಬೆಳೆಯದೆ ಹೋದ ಮನುಷ್ಯ ಹೀಗೆ ಅರ್ಧಮರ್ಧ ಪ್ರಾಣಿಯಾಗಿ ಕಾಣಿಸಿಕೊಳ್ಳಬಹುದು ಎಂಬುದು ವೈದ್ಯೆಯ ಸೂಚನೆ.

ಇಲ್ಲಿ ನಾನು ಬಹಳ ದಿನ ನಿಂತೆ. ಆ ಪ್ರಾಣಿಯನ್ನು ಗ್ರೀಕರಿಗೆ ಪರಿಚಯಿಸಿದವನು ಪರ್ಷಿಯದ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್. ಅವನು ಅದನ್ನು ಭಾರತದ ಮೃಗವೆಂದೇ ವರ್ಣಿಸಿದ್ದಾನೆ. ಹೆಸರಿನ ಮೂಲ ಹಳೆಯ ಪರ್ಷಿಯನ್ ಭಾಷೆ, ಅರ್ಥ ನರಭಕ್ಷಕ. ಭಾರತದ ಮೃಗ, ಮನುಷ್ಯನ ಮುಖ, ಸಿಂಹದ ಮೈ ಎಂದೊಡನೆ ನನಗೆ ಅಜ್ಜಿ ಹೇಳುತ್ತಿದ್ದ ಪುರುಷಾಮೃಗ ನೆನಪಾಯಿತು. ಎರಡೂ ಒಂದೇ ಎಂದು ನಾನು ವಾದಿಸುತ್ತಿಲ್ಲ. ನೆನಪಾಯಿತು, ಅಷ್ಟೆ.

ಧರ್ಮರಾಯನ ಯಾಗಕ್ಕೆ ಪುರುಷಾಮೃಗವನ್ನು ಕರೆತರಲು ಭೀಮ ಹೋಗುತ್ತಾನೆ. ಅವನು ಮುಂದೆ ಓಡಬೇಕು, ಅದು ಹಿಂದೆ ಬರಬೇಕು, ಸಿಕ್ಕಿಬಿದ್ದರೆ ಅವನು ಅದಕ್ಕೆ ಆಹಾರ. ಗಡಿ ದಾಟುವ ಹೊತ್ತಿಗೆ ಭೀಮನ ಒಂದು ಕಾಲು ಒಳಗೆ, ಇನ್ನೊಂದು ಹೊರಗೆ, ಮೃಗ ಹಿಡಿದುಬಿಡುತ್ತದೆ. ನ್ಯಾಯ ಧರ್ಮರಾಯನ ಮುಂದೆ ಬರುತ್ತದೆ. ಅರ್ಧ ದೇಹ ಮೃಗಕ್ಕೆ ಸೇರಿದ್ದು ಎಂದು ಅವನು ತಮ್ಮನ ವಿರುದ್ಧವೇ ತೀರ್ಪು ಕೊಡುತ್ತಾನೆ. ಆ ನ್ಯಾಯಕ್ಕೆ ಮೆಚ್ಚಿ ಮೃಗ ಭೀಮನನ್ನು ಬಿಟ್ಟುಬಿಡುತ್ತದೆ. ಚಿಕ್ಕವನಿದ್ದಾಗ ಭೀಮ ಉಳಿದನಲ್ಲ ಎಂಬ ಸಮಾಧಾನ ಮಾತ್ರ ಇತ್ತು. ಈಗ ಆ ತೀರ್ಪಿನ ಮುಂದೆ ಕೂತುಬಿಟ್ಟೆ. ಅರ್ಧ ಅದರದೇ ಎಂದು ಒಪ್ಪಿಕೊಂಡ ಮೇಲೆಯೇ ಅದು ಕೈ ಬಿಟ್ಟದ್ದು! ಯೂಂಗ್‌ನ ಪದಗಳಿಂದ ನನಗೆ ಬಿಡಿಸಲಾಗದ ಕನಸನ್ನು ಅಜ್ಜಿಯ ಕತೆ ಬಿಡಿಸಿಕೊಟ್ಟಿತು. ಅಂದಿನಿಂದ ಅಂಚಿನ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿ ಓದಿದೆ.

ಕೊನೆಯ ಭಾಗದಲ್ಲಿ ಡೇವಿಡ್‌ನನ್ನು ಲೀಸ್ಲ್ ಎಂಬ ಹೆಂಗಸು ಆಲ್ಪ್ಸ್ ಬೆಟ್ಟದ ಗುಹೆಯೊಂದಕ್ಕೆ ಕರೆದೊಯ್ಯುತ್ತಾಳೆ. ಆದಿಮಾನವರು ಕರಡಿಯನ್ನು ಪೂಜಿಸಿದ ಜಾಗ ಅದು. ಹೊರಗೆ ಬರುವಾಗ ಕತ್ತಲಲ್ಲಿ, ಇಕ್ಕಟ್ಟಿನಲ್ಲಿ ತೆವಳಬೇಕು. ಅವನು ಹೆದರಿ ಕುಸಿಯುತ್ತಾನೆ, ಮೈಮೇಲಿನ ಹಿಡಿತವೂ ತಪ್ಪುತ್ತದೆ. ಮುಂದೆ ಹೋಗಲು ಪೂರ್ವಿಕರಿಂದ ಬಲ ತಂದುಕೋ ಎನ್ನುತ್ತಾಳೆ ಲೀಸ್ಲ್. ಆಗ ಅವನಿಗೆ ನೆನಪಾಗುವುದು ಮರಿಯಾ ಆನ್ ಡಿಮಾಕ್, ಅಪ್ಪನಿಲ್ಲದ ಮಗುವನ್ನು ಎತ್ತಿಕೊಂಡು ಇಂಗ್ಲೆಂಡಿನಿಂದ ಕೆನಡಾಕ್ಕೆ ಹೊರಟ ಬಡ ಕೆಲಸದವಳು. ದೊಡ್ಡ ಮನೆತನದ ಮೂಲ ಸಿಗುತ್ತದೆಂದು ವಂಶ ಹುಡುಕಿಸಿದವನಿಗೆ ಸಿಕ್ಕ ಪೂರ್ವಜೆ ಅವಳು. ಇಡೀ ಪುಸ್ತಕದಲ್ಲಿ ನನ್ನ ಕಣ್ಣು ತೇವವಾದದ್ದು ಇಲ್ಲಿ.

ಖಾತೆ ಬದಲಾವಣೆಗೆಂದು ನಾನೇ ಮಾಡಿಸಿದ ನಮ್ಮ ಮನೆಯ ವಂಶವೃಕ್ಷ ಮೇಜಿನ ಮೇಲಿತ್ತು. ಅಪ್ಪ, ಅಜ್ಜ, ಮುತ್ತಜ್ಜ. ಮುತ್ತಜ್ಜಿಯ ಜಾಗದಲ್ಲಿ ಏನೂ ಇಲ್ಲ. ಮರುದಿನ ಬೆಳಿಗ್ಗೆ ಅಮ್ಮನನ್ನು ಕೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿ, ‘ನಿಮ್ಮಪ್ಪನನ್ನ ಎತ್ತಿ ಬೆಳೆಸಿದೋಳೇ ಅವಳು ಕಣೋ. ನೀನು ಯಾವತ್ತೂ ಕೇಳಲೇ ಇಲ್ಲ’ ಅಂದರು. ಮಧ್ಯಾಹ್ನದವರೆಗೂ ಹೇಳುತ್ತಲೇ ಹೋದರು. ನಾನು ಒಂದು ಪ್ರಶ್ನೆಯನ್ನೂ ನಡುವೆ ಹಾಕಲಿಲ್ಲ.