ಹೊನ್ನಾಳಿಯಿಂದ ಹರಿಹರಕ್ಕೆ ತೆಪ್ಪದಲ್ಲಿ

ತುಂಗಭದ್ರೆಯಲ್ಲಿ ತೆಪ್ಪ ಇಳಿಸಲು ನಾವು ಆರಿಸುವುದು ನವೆಂಬರ್ ಕೊನೆಯಿಂದ ಜನವರಿವರೆಗಿನ ಕಾಲ. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಜಲಾಶಯ ಬೇಗ ತುಂಬುತ್ತದೆ. ಗೇಟು ಎತ್ತಿದರೆ, ತುಂಗಾ ಮತ್ತು ಭದ್ರಾ ಸೇರುವ ಕೂಡ್ಲಿಯಿಂದ ಕೆಳಗೆ ಹೊಳೆ ಯಾರ ಮಾತನ್ನೂ ಕೇಳುವುದಿಲ್ಲ. ಬೇಸಿಗೆಗೆ ತಳ ಕಲ್ಲಿಗೆ ಉಜ್ಜುತ್ತದೆ. ಹಿಂದಿನ ದಿನ ಪತ್ರಿಕೆಯಲ್ಲಿ ತುಂಗಾ, ಭದ್ರಾ ಎರಡರ ಹೊರಹರಿವನ್ನೂ ನೋಡಬೇಕು. ಭದ್ರಾದಿಂದ ಕಾಲುವೆಗೆ ಬಿಟ್ಟ ನೀರು ನಮ್ಮ ಲೆಕ್ಕಕ್ಕಿಲ್ಲ, ನದಿಗೆ ಎಷ್ಟು ಬಿಟ್ಟಿದ್ದಾರೆ ಎಂಬುದಷ್ಟೇ ಮುಖ್ಯ.

ನಮ್ಮದು ಎಂಟು ಅಡಿ ಅಗಲದ, ಬಿದಿರಿನ ದುಂಡು ತೆಪ್ಪ. ಬಿದಿರು ಸೀಳಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಮೂರು ಜನ ಮತ್ತು ಸಾಮಾನು, ಅದಕ್ಕಿಂತ ಹೆಚ್ಚು ಬೇಡ. ಅಂಚಿನ ಮೇಲೆ ಯಾರೂ ಕೂರಬಾರದು. ಹತ್ತುವಾಗ ಒಬ್ಬರು ಹಿಡಿದಿರಬೇಕು, ಮೊದಲ ಹೆಜ್ಜೆ ನಡುಮಧ್ಯಕ್ಕೇ ಬೀಳಬೇಕು. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನಂತೆ ಕೆಳಗಲ್ಲ.

ಹುಟ್ಟು ಹಾಕುವವರು ಮುಂದಿನ ಅಂಚಿಗೆ ಮಂಡಿಯೂರಿ, ನೀರನ್ನು ಮುಂದಿನಿಂದ ತಮ್ಮತ್ತ ಎಳೆದುಕೊಳ್ಳಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದೇ ಪಕ್ಕ ಎಳೆದರೆ ತೆಪ್ಪ ಗಿರಗಿರನೆ ತಿರುಗುತ್ತದೆ. ಇನ್ನೊಂದು ಹುಟ್ಟು ಒಳಗೆ ಕಟ್ಟಿರಲಿ. ಕೈಜಾರಿದ್ದು ತಾನೇ ವಾಪಸ್ ಬರುವುದಿಲ್ಲ.

ಈ ಹಾದಿಯಲ್ಲಿ ನಿಜವಾಗಿ ಕಾಡುವುದು ಗಾಳಿ. ಚಳಿಗಾಲದ ಮೂಡಗಾಳಿ ಹೊತ್ತೇರಿದಂತೆ ಬಿಗಿಯಾಗುತ್ತದೆ. ಕೆಳಗೆ ನೀರು ಹಿಡಿಯುವ ಏಣು ಇಲ್ಲದ ದುಂಡು ತೆಪ್ಪವನ್ನು ಅದು ಹಾವೇರಿ ಕಡೆಯ ದಂಡೆಗೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ನಸುಕಿಗೇ ಹೊರಟು, ಬಲದಂಡೆಯ ಮರಗಳ ಮರೆಯಲ್ಲೇ ಸಾಗುತ್ತೇವೆ. ಗಾಳಿ ಜೋರಾದರೆ ಸಾಮಾನನ್ನೆಲ್ಲ ತಳಕ್ಕೆ ಹರಡಿ, ಎಲ್ಲರೂ ತಗ್ಗಿ ಕೂರಬೇಕು. ಆಗಲೂ ಆಗದಿದ್ದರೆ ದಡ ಸೇರಿ ಮಂಡಕ್ಕಿ ತಿನ್ನುವುದೇ ಜಾಣತನ.

ಎಲ್ಲಿ ನಿಲ್ಲಬೇಕು ಎಂಬುದನ್ನು ಊರಿನ ಹೆಸರು ನೋಡಿ ತೀರ್ಮಾನಿಸಬೇಡಿ, ದಡ ನೋಡಿ ತೀರ್ಮಾನಿಸಿ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಗಳ ಊರಿ ತಳ ಸಿಕ್ಕ ಮೇಲೇ ಕಾಲಿಡಬೇಕು. ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆಗೆ ಕರಿಬಸವೇಶ್ವರ ಅಜ್ಜಯ್ಯನ ಭಕ್ತರು ಸ್ನಾನಕ್ಕೆ ತುಂಬಿರುತ್ತಾರೆ, ಆ ದಿನ ಅಲ್ಲಿ ತೆಪ್ಪ ಹಚ್ಚಬಾರದು. ಸಂಜೆ ಪಾತ್ರೆ ತೊಳೆಯಲು ನೀರಂಚಿಗೆ ಕೂರುವುದೂ ಬೇಡ, ಹೊಳೆಯಲ್ಲಿ ಮೊಸಳೆ ಇವೆ. ಕುಡಿಯಲು ಕ್ಯಾನ್ ನೀರೇ.

ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಎಂದರ್ಥ. ಮೀನು ಹಿಡಿಯುವವರು ಸಿಕ್ಕರೆ "ಯಜಮಾನ್ರೇ, ಯಾವ ಕಡೆ ಬಲೆ ಬಿಟ್ಟೀರಿ?" ಎಂದು ಕೇಳಿಯೇ ಮುಂದೆ ಹೋಗುವುದು. ಅವರ ಬಲೆ ಹರಿದರೆ ಆ ದಿನದ ದುಡಿಮೆ ಹೋಯಿತು. ದಡದ ಪಂಪ್‌ಸೆಟ್ಟುಗಳ ಪೈಪು, ವೈರುಗಳಿಂದ ದೂರವಿರಬೇಕು. ಹೊಳೆಗೆ ಅಡ್ಡ ಒಡ್ಡು ಇದ್ದರೆ, ನೀರು ಎಷ್ಟೇ ಕಮ್ಮಿ ಕಂಡರೂ ಮೇಲಿನಿಂದ ಜಾರಿಸಬಾರದು. ಒಡ್ಡಿನ ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ ತೆಪ್ಪವನ್ನು ಅಲ್ಲೇ ಹಿಡಿದಿಡುತ್ತದೆ. ಇಳಿದು, ದಡದ ಮೇಲೆ ಹೊತ್ತು ದಾಟಿಸಬೇಕು. ರಾಜನಹಳ್ಳಿಯಲ್ಲಿ ದಾವಣಗೆರೆಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ ಇದೆ, ಅದರ ಹತ್ತಿರ ಸುಳಿಯಬೇಡಿ.

ದಡಕ್ಕೆ ಎಳೆದರೆ ಡಾಂಬರು ಕಿತ್ತು ಬರುತ್ತದೆ, ಎತ್ತಿಯೇ ಇಡಬೇಕು. ರಾತ್ರಿ ಕವುಚಿ ಹಾಕಿದರೆ ಬಿದಿರು ಒಣಗುತ್ತದೆ, ಇಲ್ಲದಿದ್ದರೆ ಕೊಳೆಯುತ್ತದೆ. ತೂತಾದರೆ ಒದ್ದೆಯ ಮೇಲೆ ತೇಪೆ ನಿಲ್ಲುವುದಿಲ್ಲ: ಪೂರ್ತಿ ಒಣಗಿಸಿ, ಒಂದು ಡಬ್ಬಿಯಲ್ಲಿ ಡಾಂಬರು ಕರಗಿಸಿ ಬಳಿದು, ಚೀಲದ ತುಂಡು ಒತ್ತಿ, ಮೇಲೆ ಇನ್ನೊಂದು ಪದರ ಬಳಿಯಬೇಕು. ಒಂದು ಕಿಲೋ ಡಾಂಬರು ಸಾಕು.

ಹರಿಹರದಲ್ಲಿ ಸೇತುವೆ ಕಂಬಗಳ ಹತ್ತಿರ ಹೋಗುವ ಮುಂಚೆಯೇ ದಡ ಹಿಡಿಯುತ್ತೇವೆ. ಕಂಬಕ್ಕೆ ಸಿಕ್ಕಿದ ಕಸಕಡ್ಡಿಗೆ ತೆಪ್ಪ ಅಂಟಿದರೆ ಬಿಡಿಸುವುದು ಕಷ್ಟ. ಹೊಳೆಗೆ ಎದುರಾಗಿ ಹಿಂದಿರುಗುವ ಮಾತಿಲ್ಲ, ಲಗೇಜ್ ಆಟೋ ಮೊದಲೇ ಹೇಳಿರಬೇಕು. ಎಂಟು ಅಡಿಯ ತೆಪ್ಪ ಅದರಲ್ಲಿ ಮಲಗುವುದಿಲ್ಲ. ಓರೆಯಾಗಿ ನಿಲ್ಲಿಸಿ ಎರಡು ಕಡೆ ಹಗ್ಗ ಬಿಗಿಯಿರಿ, ತಳ ಮುಂದಕ್ಕಿರಲಿ. ಒಳಮೈ ಮುಂದಾದರೆ ಹೆದ್ದಾರಿಯ ಗಾಳಿ ತುಂಬಿ ಹಗ್ಗ ಸಡಿಲವಾಗುತ್ತದೆ.