ದೋಣಿಯ ಅಡಿಗೆ ಹಿಡಿಯುವ ಚಿಪ್ಪು: ಶಿರಿಯಾ ಅಳಿವೆಯಲ್ಲಿ ನನ್ನ ಅನುಭವ

ಕುಂಬಳೆಯ ಬಳಿ ಶಿರಿಯಾ ಹೊಳೆ ಕಡಲು ಸೇರುವ ಅಳಿವೆಯ ಒಳಬದಿಯಲ್ಲಿ ನಮ್ಮ ದೋಣಿ ನಿಲ್ಲುತ್ತದೆ. ಮೂವತ್ತು ಅಡಿ ಉದ್ದದ ಫೈಬರ್ ದೋಣಿ, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್, ಬಲೆ ಹಾಕಲು ಹೋಗುವವರು ಮೂವರು. ಹನ್ನೊಂದು ವರ್ಷಗಳಿಂದ ಅದರ ಅಡಿಯನ್ನು ಕೆರೆಯುವುದೂ ಬಣ್ಣ ಬಳಿಯುವುದೂ ನಾನೇ.

ದೋಣಿ ಹೊಸದಾಗಿದ್ದ ವರ್ಷ ಡಿಸೆಂಬರಿನಲ್ಲಿ ಹೋಗಿ ಬರಲು ಹದಿನಾರು ಲೀಟರ್ ಸೀಮೆಎಣ್ಣೆ ಸಾಕಾಗುತ್ತಿತ್ತು. ಫೆಬ್ರವರಿ ಮುಗಿಯುವಾಗ ಅದೇ ಜಾಗಕ್ಕೆ ಇಪ್ಪತ್ತೆರಡು ಲೀಟರ್ ಬೇಕಾಯಿತು. ದೋಷ ಎಂಜಿನ್ನಿನದ್ದೆಂದು ತಿಳಿದು ಪ್ಲಗ್ ಬದಲಾಯಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದೆ, ನೀರಿನಲ್ಲಿ ತಿರುಗುವ ಪಂಕವನ್ನೂ (ಪ್ರೊಪೆಲರ್) ನೋಡಿದೆ. ಕೊನೆಗೆ ಒಂದು ಸಂಜೆ ದೋಣಿಯ ಬದಿಯಿಂದ ಬಗ್ಗಿ ನೀರಿನೊಳಗೆ ಕೈಯಾಡಿಸಿದಾಗ ಅಂಗೈ ಗೀರಿ ರಕ್ತ ಬಂತು. ನೀರಿನ ಗೆರೆಯ ಕೆಳಗೆ ಎರಡೂ ಬದಿ ತುಂಬಾ ಕಡಲೆಕಾಳಿನ ಗಾತ್ರದ ಚಿಪ್ಪುಗಳು ಒತ್ತೊತ್ತಾಗಿ ಕುಳಿತಿದ್ದವು.

ನಮ್ಮ ತಂದೆಯವರ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಅವರ ಹೆಬ್ಬಲಸಿನ ಮರದ ದೋಣಿಯನ್ನು ಕಡಲಿನಿಂದ ಬಂದ ಕೂಡಲೇ ನಾಲ್ಕೈದು ಮಂದಿ ಸೇರಿ ಹೊಯ್ಗೆಯ ಮೇಲಕ್ಕೆ ಎಳೆಯುತ್ತಿದ್ದರು. ದಿನವೂ ಬಿಸಿಲು ಕಾಣುವ ಅಡಿಯಲ್ಲಿ ಯಾವ ಚಿಪ್ಪೂ ಬೆಳೆಯುವುದಿಲ್ಲ. ಮರ ಕೊರೆಯುವ ಹುಳುವೂ ಒಣಗಿದ ಮರದಲ್ಲಿ ನೆಲೆಯೂರುವುದು ಕಷ್ಟ. ಅದರ ಮೇಲೆ ಮಳೆಗಾಲಕ್ಕೆ ಮುಂಚೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿಯಿತ್ತು. ದೋಣಿ ದೊಡ್ಡದಾಗಿ, ಎಂಜಿನ್ ಬಂದು, ಎಳೆಯುವ ಕೈಗಳು ಕಡಿಮೆಯಾದ ಮೇಲೆ ನಾವು ಅದನ್ನು ಹಗಲಿರುಳು ನೀರಿನಲ್ಲೇ ಕಟ್ಟಿಹಾಕತೊಡಗಿದೆವು. ಚಿಪ್ಪು ಹಿಡಿಯಲು ನಿಜವಾದ ಕಾರಣ ಇದು. ಫೈಬರನ್ನು ಹುಳು ಕೊರೆಯುವುದಿಲ್ಲ ಎಂಬ ಒಂದು ನೆಮ್ಮದಿಯ ಎದುರು ಈ ಹೊಸ ಖರ್ಚು ಬಂದಿತು.

ನಾವು ಬಾಯಿಮಾತಿನಲ್ಲಿ ಚಿಪ್ಪು ಎನ್ನುವ ಈ ಬಾರ್ನಕಲ್ ಮರುವಾಯಿಯ (ಹೊಳೆಯ ಕಪ್ಪೆಚಿಪ್ಪಿನ) ಜಾತಿಯದಲ್ಲ, ಏಡಿ ಸಿಗಡಿಗಳ ಬಳಗಕ್ಕೆ ಸೇರಿದ ಪ್ರಾಣಿ. ಕೆರೆದು ತೆಗೆದ ಒಂದು ತುಂಡನ್ನು ತೆಂಗಿನ ಗೆರಟೆಯಲ್ಲಿ ಹೊಳೆಯ ನೀರು ಹಾಕಿ ಇಟ್ಟು ನೋಡಿದ್ದೇನೆ. ಸ್ವಲ್ಪ ಹೊತ್ತು ಅಲುಗಾಡದೆ ಬಿಟ್ಟರೆ ತುದಿಯ ಬಾಗಿಲು ತೆರೆದು ಹಕ್ಕಿಯ ಗರಿಯಂತಹ ಸಣ್ಣ ಕಾಲುಗಳು ಹೊರಬಂದು, ನೀರನ್ನು ಬಾಚಿಕೊಂಡು ಒಳಗೆ ಹೋಗುತ್ತವೆ, ಮತ್ತೆ ಬರುತ್ತವೆ. ಅದರ ಮರಿ ಮೊದಲು ನೀರಿನಲ್ಲಿ ತೇಲಾಡುತ್ತದೆ, ಆಮೇಲೆ ತಕ್ಕ ಜಾಗವನ್ನು ಹುಡುಕಿ ತಲೆ ಕೆಳಗಾಗಿ ತನ್ನದೇ ಅಂಟಿನಿಂದ ಅಂಟಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಜೀವವಿರುವ ತನಕ ಅದಕ್ಕೆ ಅದೇ ಸ್ಥಳ. ಅದಕ್ಕೂ ಮೊದಲು, ದೋಣಿ ನೀರಿಗಿಳಿದ ಕೆಲವೇ ಗಂಟೆಗಳಲ್ಲಿ ಅಡಿಯ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಲೋಳೆಯೊಂದು ಕೂರಲಾರಂಭಿಸುತ್ತದೆ. ನಂತರ ಪಾಚಿ, ಆಮೇಲೆ ಚಿಪ್ಪು, ತಡವಾದರೆ ಪಚ್ಚಿಲೆ (ಮಸಲ್) ಮತ್ತು ಮುರು (ಆಯ್‌ಸ್ಟರ್). ಇದನ್ನು ತಿಳಿದ ಮೇಲೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಬೆಳೆದದ್ದನ್ನು ಕೀಳುವುದು ಬೇರೆ, ಬೆಳೆಯುವ ಹೊತ್ತನ್ನು ಕಾದು ತಡೆಯುವುದು ಬೇರೆ.

ಮೊದಲ ವರ್ಷ ಎರಡು ದೊಡ್ಡ ತಪ್ಪುಗಳನ್ನು ಮಾಡಿದೆ. ದೋಣಿಯನ್ನು ಮೇಲೆಳೆದು ಎರಡು ದಿನ ಬಿಸಿಲಿಗೆ ಬಿಟ್ಟರೆ ಚಿಪ್ಪು ಸತ್ತು ತಾನಾಗಿ ಉದುರೀತೆಂದು ಎಣಿಸಿದ್ದು ಮೊದಲನೆಯದು. ಅದು ಸತ್ತದ್ದು ನಿಜ, ಆದರೆ ಒಣಗಿದ ಅಂಟು ಗಾರೆಯಂತೆ ಗಟ್ಟಿಯಾಯಿತು, ವಾಸನೆಗೆ ಹತ್ತಿರ ನಿಲ್ಲಲಾಗಲಿಲ್ಲ. ಕಬ್ಬಿಣದ ಉಳಿಯಿಂದ ಬಡಿದು ಕಿತ್ತಾಗ ಫೈಬರಿನ ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಅಲ್ಲಲ್ಲಿ ಎದ್ದುಬಂತು. ಮರುವರ್ಷ ಆ ಗೀರುಗಳಲ್ಲೇ ಚಿಪ್ಪು ಎಲ್ಲಕ್ಕಿಂತ ಮೊದಲು ಹಿಡಿಯಿತು. ಎರಡನೆಯದು ಬಣ್ಣದ್ದು. ಅಂಗಡಿಯವರು ಹೊಸ ದೋಣಿಯಾದ್ದರಿಂದ ನೇರವಾಗಿ ಬಳಿಯಬಹುದೆಂದು ಹೇಳಿ ಕೊಟ್ಟರು, ನಾನೂ ಹೆಚ್ಚು ವಿಚಾರಿಸಲಿಲ್ಲ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಹೊಸ ಫೈಬರಿನ ಮೇಲೆ ಉಳಿದಿರುತ್ತದೆ. ಅದನ್ನು ತೆಗೆಯದೆ ಬಳಿದ ಬಣ್ಣ ಆರು ವಾರಗಳಲ್ಲಿ ಬಾಳೆಯ ರೆಂಬೆಯ ಸಿಪ್ಪೆಯಂತೆ ಉದ್ದುದ್ದ ಹಾಳೆಯಾಗಿ ಸುಲಿದುಹೋಯಿತು.

ಈಗ ಮಾಡುವ ರೀತಿ ಹೀಗಿದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ದೋಣಿಯನ್ನು ಹೊಯ್ಗೆಯ ದಿಣ್ಣೆಗೆ ತಂದು, ನೀರು ಇಳಿಯುತ್ತಿರುವಾಗಲೇ ಕೆರೆಯಲು ಆರಂಭಿಸುತ್ತೇನೆ. ಒದ್ದೆಯಿರುವಾಗ ಚಿಪ್ಪು ಅರ್ಧ ಶ್ರಮದಲ್ಲಿ ಬರುತ್ತದೆ. ಅಂಚು ಮೊಂಡಾದ, ಕೆರೆಯುವ ಅಗಲ ಪಟ್ಟಿಯನ್ನು ಅಡಿಗೆ ಆದಷ್ಟು ಮಲಗಿಸಿ ತಳ್ಳಬೇಕು, ಕುತ್ತಬಾರದು. ಚಿಪ್ಪು ಹಾರಿದ ಮೇಲೂ ಅದರ ತಳದ ಬಿಳಿ ಬಿಲ್ಲೆ ಅಂಟಿಕೊಂಡೇ ಇರುತ್ತದೆ. ಹಲವರು ಇದನ್ನು ಹಾಗೆಯೇ ಬಿಟ್ಟು ಬಣ್ಣ ಬಳಿಯುತ್ತಾರೆ, ಕೆಲವರು ಆ್ಯಸಿಡ್ ಸುರಿಯುತ್ತಾರೆ. ನಾನು ನೀರು ಹಾಕುತ್ತಾ ವಾಟರ್ ಪೇಪರಿನಿಂದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಉಜ್ಜುತ್ತೇನೆ. ಒಂದು ದಿನ ಹೆಚ್ಚು ಹಿಡಿಯುತ್ತದೆ, ಆದರೆ ಅಂಗೈ ಸವರಿದರೆ ಎಲ್ಲಿಯೂ ತಡೆಯುವುದಿಲ್ಲ. ಹಳೆಯ ಬಣ್ಣವಿರುವ ಅಡಿಯನ್ನು ಒಣಗಿಸಿ ಉಜ್ಜುವುದು ಸರ್ವಥಾ ಕೂಡದು. ಆ ಧೂಳಿನಲ್ಲಿ ವಿಷವಿದೆ, ಅದು ಉಸಿರಿನೊಡನೆ ಒಳಗೆ ಹೋಗುತ್ತದೆ. ಉಜ್ಜಿದ ಮೇಲೆ ಚಪ್ಪೆ ನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಥಿನ್ನರ್ ಬಟ್ಟೆಯಿಂದ ಒರೆಸಿ, ಬಣ್ಣ ಗಟ್ಟಿಯಾಗಿ ಹಿಡಿಯಲು ಎಪಾಕ್ಸಿ ಪ್ರೈಮರ್ ಎಂಬ ತಳಬಣ್ಣ ಕೊಟ್ಟು, ಅದರ ಮೇಲೆ ಚಿಪ್ಪುನಿರೋಧಕ ಬಣ್ಣವನ್ನು ಎರಡು ಸುತ್ತು ಬಳಿಯುತ್ತೇನೆ. ನೀರಿನ ಗೆರೆ, ಮೂತಿ ಮತ್ತು ಅಡಿಯ ನಡುಬೆನ್ನಿಗೆ (ಕೀಲ್) ಮೂರನೆಯ ಸುತ್ತು. ಬೆಳಗಿನ ಇಬ್ಬನಿ ಪೂರ್ತಿ ಆರುವ ಮುಂಚೆ ಕುಂಚ ಮುಟ್ಟುವುದಿಲ್ಲ.

ಬಣ್ಣದ ಡಬ್ಬಿಯನ್ನು ಕಲಕುವುದು ಇನ್ನೊಂದು ಮುಖ್ಯ ಕೆಲಸ. ಅದರೊಳಗಿನ ತಾಮ್ರದ ಆಕ್ಸೈಡ್ ಭಾರವಾದ್ದರಿಂದ ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಮೇಲಿನ ದ್ರವವನ್ನಷ್ಟೇ ಬಳಿದವರು ಬೆಲೆ ಕೊಟ್ಟದ್ದು ತಾಮ್ರಕ್ಕೆ, ಬಳಿದದ್ದು ಬರಿಯ ಬಣ್ಣ. ಕೋಲಿನಿಂದ ತಳ ಕೆರೆದು ಎತ್ತಿ, ಕೆಲಸದ ನಡುವೆಯೂ ಆಗಾಗ ಕಲಕುತ್ತಿರಬೇಕು.

ತಾಮ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬ್ರಿಟಿಷ್ ನೌಕಾಪಡೆಯ ಹಳೆಯ ಅನುಭವದಿಂದ ಅರಿತುಕೊಂಡೆ. 1761ರಲ್ಲಿ ಅವರು ಅಲಾರ್ಮ್ ಎಂಬ ಯುದ್ಧನೌಕೆಯ ಮರದ ಅಡಿಗೆ ತಾಮ್ರದ ತಗಡು ಹೊದಿಸಿ ಪರೀಕ್ಷಿಸಿದರು. ಚಿಪ್ಪು ಹಿಡಿಯಲಿಲ್ಲ, ಆದರೆ ತಾಮ್ರದ ಸಂಪರ್ಕದಿಂದ ಕಬ್ಬಿಣದ ಮೊಳೆಗಳು ತಿಂದುಹೋದವು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ತಾಮ್ರ ಸವೆಯದಂತೆ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸುವ ಉಪಾಯ ಹೇಳಿದರು. ತಾಮ್ರ ಸವೆಯುವುದು ನಿಂತಿತು, ಚಿಪ್ಪು ಹಿಡಿಯತೊಡಗಿತು. ತಾಮ್ರ ನೀರಿನಲ್ಲಿ ಸ್ವಲ್ಪಸ್ವಲ್ಪವೇ ಕರಗಿದರೆ ಮಾತ್ರ ಅದರಿಂದ ಪ್ರಯೋಜನ ಎಂಬುದು ಇದರಿಂದ ಸ್ಪಷ್ಟ. ನಮ್ಮ ಬಣ್ಣವೂ ಹಾಗೆಯೇ, ಆದ್ದರಿಂದ ಅದು ವರ್ಷದೊಳಗೆ ಮುಗಿಯುವುದು ಸಹಜ. ಔಟ್‌ಬೋರ್ಡ್ ಎಂಜಿನ್ನಿನ ಕಾಲು ಅಲ್ಯೂಮಿನಿಯಂ, ತಾಮ್ರದ ಸಂಪರ್ಕದಿಂದ ಆ ಮೊಳೆಗಳಂತೆ ಅದೂ ತಿಂದುಹೋಗುವುದರಿಂದ ಅದಕ್ಕೆ ಈ ಬಣ್ಣವನ್ನು ಬಳಿಯಲೇಬಾರದು. ದೋಣಿ ನಿಂತಿರುವಾಗ ಎಂಜಿನ್ನನ್ನು ನೀರಿನಿಂದ ಎತ್ತಿಡುತ್ತೇನೆ, ಅಷ್ಟೇ ಸಾಕು.

ಕರಗಿದ ತಾಮ್ರ ನಮ್ಮ ಹೊಳೆಗೇ ಸೇರುತ್ತದೆ ಎಂಬ ಅಳುಕು ನನಗೆ ಇದೆ. ಇಳಿತದ ಹೊತ್ತಿನಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವ ಹೆಂಗಸರು ನಮ್ಮ ದೋಣಿಯಿಂದ ನೂರು ಹೆಜ್ಜೆಯೊಳಗೇ ಇರುತ್ತಾರೆ. ಹಿಂದೆ ಜಗತ್ತಿನೆಲ್ಲೆಡೆ ಬಳಸುತ್ತಿದ್ದ ತವರ ಸೇರಿದ ಟಿಬಿಟಿ (ಟ್ರೈಬ್ಯುಟೈಲ್‌ಟಿನ್) ಬಣ್ಣ ಫ್ರಾನ್ಸಿನ ಕರಾವಳಿಯಲ್ಲಿ ಮುರುವಿನ ಕೃಷಿಯನ್ನೇ ಹಾಳುಗೆಡವಿತ್ತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದ ಮೇಲೆ ಅದು ನಿಷಿದ್ಧ. ತಾಮ್ರ ಅಷ್ಟು ಘೋರವಲ್ಲದಿದ್ದರೂ ನಿರಪಾಯಕಾರಿಯಲ್ಲ. ಹೀಗಾಗಿ ಕೆರೆಯುವ ಮುಂಚೆ ಕೆಳಗೆ ಟಾರ್ಪಾಲ್ ಹಾಸಿ, ಉಬ್ಬರ ತಿರುಗುವುದರೊಳಗೆ ಉದುರಿದ್ದನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬುತ್ತೇನೆ. ಉಜ್ಜುವುದನ್ನು ನೀರೇರದ ಜಾಗಕ್ಕೆ ದೋಣಿಯನ್ನು ಎಳೆದ ಮೇಲೆ ಮಾಡುತ್ತೇನೆ. ಚಿಪ್ಪು ಸುಣ್ಣವಲ್ಲವೇ, ತೆಂಗಿನ ಬುಡಕ್ಕೆ ಹಾಕಬಹುದಲ್ಲ ಎಂದು ನೆರೆಯವರು ಕೇಳುವುದುಂಟು. ಬಣ್ಣ ಬೆರೆತ ಚಿಪ್ಪನ್ನು ನಾನು ಹಾಕುವುದಿಲ್ಲ.

ಬಣ್ಣಕ್ಕಿಂತ ಹೆಚ್ಚು ಉಪಕಾರ ಮಾಡುವುದು ಹೊಳೆಯೇ. ಜೂನ್ ತಿಂಗಳಲ್ಲಿ ಮಳೆ ಬಲಿತು ಕೆಂಪು ನೀರು ಇಳಿದು ಬರುವಾಗ ಅಳಿವೆಯ ಉಪ್ಪು ತಗ್ಗುತ್ತದೆ. ಆಗ ದೋಣಿಯನ್ನು ಎರಡು ಕಿಲೋಮೀಟರ್ ಮೇಲಕ್ಕೆ ಒಯ್ದು, ನೆರೆಯ ಸೆಳೆತವಿಲ್ಲದ ತಿರುವಿನಲ್ಲಿ ಕಟ್ಟುತ್ತೇನೆ. ಕಡಲು ಒರಟಾಗಿರುವ ಆ ವಾರಗಳಲ್ಲಿ ದೋಣಿಗೆ ಬೇರೆ ಕೆಲಸವೂ ಕಡಿಮೆ. ಚಪ್ಪೆ ನೀರಿನಲ್ಲಿ ಚಿಪ್ಪು ಬಾಗಿಲು ಮುಚ್ಚಿಕೊಂಡು ಕೆಲವು ದಿನ ತಡೆದೀತು, ವಾರಗಟ್ಟಲೆ ತಡೆಯಲಾರದು. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವ ಹೊತ್ತಿಗೆ ಹೆಚ್ಚಿನವು ಸತ್ತು ಟೊಳ್ಳಾಗಿರುತ್ತವೆ. ಮಳೆ ಬಿಟ್ಟ ಮೇಲೆ ಉಪ್ಪು ಮರಳಿದಂತೆ ಮರಿಗಳೂ ರಾಶಿಯಾಗಿ ಮರಳುತ್ತವೆ. ಆದ್ದರಿಂದ ಬಣ್ಣ ಬಳಿಯಲು ನಾನು ಆರಿಸಿಕೊಂಡ ಹೊತ್ತು ಸೆಪ್ಟೆಂಬರ್ ಕೊನೆಯ ಬಿಸಿಲು. ಮೇ ತಿಂಗಳಲ್ಲಿ ಬಳಿದರೆ ಚಿಪ್ಪೇ ಇಲ್ಲದ ಮಳೆನೀರಿನಲ್ಲಿ ತಾಮ್ರ ವ್ಯರ್ಥವಾಗುತ್ತದೆ.

ಆ ಬಳಿಕ ನವೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ದೊಡ್ಡ ಇಳಿತದಲ್ಲಿ ಅಡಿಯನ್ನು ಕೈಯಿಂದ ಸವರಿ ನೋಡುತ್ತೇನೆ. ಲೋಳೆಯಿದ್ದರೆ ಗೋಣಿಬಟ್ಟೆಯಿಂದ ಹಗುರವಾಗಿ ಒರೆಸುತ್ತೇನೆ. ಒತ್ತಿ ಉಜ್ಜಿದರೆ ತಾಮ್ರವೂ ಹೋಗುತ್ತದೆ. ಗುಂಡುಸೂಜಿಯ ತಲೆಯಷ್ಟಿರುವ ಚಿಪ್ಪು ಉಗುರಿಗೇ ಬರುತ್ತದೆ, ಒಂದು ತಿಂಗಳು ಬಿಟ್ಟರೆ ಪಟ್ಟಿ ಬೇಕು. ಈ ಕ್ರಮ ಹಿಡಿದ ಮೇಲೆ ಫೆಬ್ರವರಿಯಲ್ಲೂ ಸೀಮೆಎಣ್ಣೆ ಹದಿನೇಳು ಲೀಟರ್ ದಾಟಿಲ್ಲ.

ಒಂದು ಜಾಗ ಮಾತ್ರ ಬಹಳ ವರ್ಷ ಕಾಡಿತು. ಮೇಲೆಳೆದ ದೋಣಿಗೆ ಕೆಳಗಿನಿಂದ ಆನಿಕೆ ಕೊಡುವ ತೆಂಗಿನ ದಿಮ್ಮಿಗಳು ಮುಟ್ಟುವಲ್ಲಿ ಕುಂಚ ಹೋಗುವುದಿಲ್ಲ, ಅಂಗೈಯಗಲದ ನಾಲ್ಕು ತೇಪೆಗಳು ಬಣ್ಣವಿಲ್ಲದೆ ಉಳಿಯುತ್ತವೆ. ಪಚ್ಚಿಲೆ ಮೊದಲು ಕೂರುತ್ತಿದ್ದುದು ಅಲ್ಲಿಯೇ. ಈಗ ಮೊದಲ ಸುತ್ತು ಒಣಗಿದ ಮೇಲೆ ಇಬ್ಬರನ್ನು ಕರೆದು, ದೋಣಿಯನ್ನು ಸನ್ನೆಯಿಂದ ಎತ್ತಿ, ದಿಮ್ಮಿಗಳನ್ನು ಒಂದು ಮೊಳ ಹಿಂದಕ್ಕೆ ಸರಿಸಿ, ಆ ನಾಲ್ಕು ತೇಪೆಗಳಿಗೆ ಪ್ರೈಮರಿನಿಂದ ತೊಡಗಿ ಎಲ್ಲವನ್ನೂ ಮತ್ತೊಮ್ಮೆ ಬಳಿಯುತ್ತೇನೆ.