ಐದು ಸೆಕೆಂಡ್ ಉಸಿರು ಕಟ್ಟಿದ್ದಕ್ಕೇ ಕ್ಲಸ್ಟರ್‌ನಿಂದ ಹೊರಗೆ

ರಾತ್ರಿ ಎರಡು ಗಂಟೆ ದಾಟಿತೆಂದರೆ ಫೋನ್ ಬಡಿದುಕೊಳ್ಳುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು ಕೆಲಸ ಹೊರಲೆಂದು ಎರಡು ಸರ್ವರ್‌ಗಳನ್ನು ಕ್ಲಸ್ಟರ್ ಆಗಿ ಜೋಡಿಸಿದ್ದೆವು; ಅದರ ಒಂದೊಂದು ಸರ್ವರ್ ಒಂದೊಂದು ನೋಡ್. ಡೇಟಾಬೇಸ್ ಒಂದು ನೋಡ್‌ನಿಂದ ಇನ್ನೊಂದಕ್ಕೆ ಹಾರಿರುತ್ತಿತ್ತು. ಲಾಗಿನ್ ಆಗಿ ನೋಡಿದರೆ ಎರಡೂ ಸರ್ವರ್ ಗಟ್ಟಿಮುಟ್ಟಾಗಿವೆ, ಪಿಂಗ್ ಸರಿಯಾಗಿದೆ. ಲಾಗ್‌ನಲ್ಲಿ ಮಾತ್ರ ಇವೆಂಟ್ 1135: ನೋಡ್ ಅನ್ನು ಕ್ಲಸ್ಟರ್‌ನಿಂದ ತೆಗೆಯಲಾಗಿದೆ.

ವಿಂಡೋಸ್ ಸರ್ವರ್ 2012 ಆರ್2, ಎರಡು ವರ್ಚುವಲ್ ಮಷೀನ್, ಅವುಗಳ ಮೇಲೆ ಎಸ್‌ಕ್ಯೂಎಲ್ ಸರ್ವರ್ ಅವೈಲಬಿಲಿಟಿ ಗ್ರೂಪ್, ಅಂದರೆ ಡೇಟಾಬೇಸ್‌ನ ನಕಲನ್ನು ಎರಡೂ ಕಡೆ ಇಡುವ ವ್ಯವಸ್ಥೆ. ಸ್ವಿಚ್, ಕೇಬಲ್, ಡ್ರೈವರ್ ಎಂದು ವಾರಗಟ್ಟಲೆ ಹುಡುಕಿದೆವು. ಕೊನೆಗೆ 1135 ಬಂದ ವೇಳೆಗಳನ್ನು ಬ್ಯಾಕಪ್ ಲಾಗ್ ಪಕ್ಕದಲ್ಲಿಟ್ಟು ನೋಡಿದೆ. ಬ್ಯಾಕಪ್ ಮುಗಿದು, ಅದಕ್ಕಾಗಿ ಹಿಡಿದಿಟ್ಟ ಮಷೀನ್‌ನ ಆ ಕ್ಷಣದ ಸ್ಥಿತಿಯನ್ನು, ಅಂದರೆ ಸ್ನ್ಯಾಪ್‌ಶಾಟ್ ಅನ್ನು, ಅಳಿಸುವಾಗ ಮಷೀನ್ ಆರೇಳು ಸೆಕೆಂಡ್ ಅಲ್ಲಾಡದೆ ನಿಂತುಬಿಡುತ್ತಿತ್ತು. ನೆಟ್‌ವರ್ಕ್‌ನವರನ್ನು ಅಷ್ಟು ದಿನ ಸುಮ್ಮನೆ ಕಾಡಿದ್ದೆವು. ಹೋಗಿ ಕ್ಷಮೆ ಕೇಳಿದೆ.

ನೋಡ್‌ಗಳು ಯುಡಿಪಿ 3343 ಪೋರ್ಟ್‌ನಲ್ಲಿ ಸೆಕೆಂಡಿಗೊಂದು ಹಾರ್ಟ್‌ಬೀಟ್, ಅಂದರೆ ‘ಬದುಕಿದ್ದೇನೆ’ ಎಂಬ ಪುಟ್ಟ ಸಂದೇಶ, ಕಳಿಸುತ್ತವೆ. ಆ ಆವೃತ್ತಿಯಲ್ಲಿ ಸಾಲಾಗಿ 5 ತಪ್ಪಿದರೆ ನೋಡ್ ಹೊರಗೆ. 2016ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ತಾನೇ ಇದನ್ನು 10ಕ್ಕೆ ಏರಿಸಿತು.

ವಿಂಡೋಸ್‌ನ ಕಮಾಂಡ್ ಸಾಧನವಾದ ಪವರ್‌ಶೆಲ್‌ನಲ್ಲಿ ಸೇಮ್‌ಸಬ್‌ನೆಟ್‌ತ್ರೆಶೋಲ್ಡ್ ಅನ್ನು, ಅಂದರೆ ಒಂದೇ ಸಬ್‌ನೆಟ್‌ನ (ನೆಟ್‌ವರ್ಕ್ ಭಾಗದ) ನೋಡ್‌ಗಳ ನಡುವೆ ತಪ್ಪಬಹುದಾದ ಹಾರ್ಟ್‌ಬೀಟ್‌ಗಳ ಮಿತಿಯನ್ನು, 20 ಮಾಡಿದೆ. ಬೇರೆ ಬೇರೆ ಸಬ್‌ನೆಟ್‌ಗಳ ನಡುವಿನ ಮಿತಿಯಾದ ಕ್ರಾಸ್‌ಸಬ್‌ನೆಟ್‌ತ್ರೆಶೋಲ್ಡ್ ಅದಕ್ಕಿಂತ ಕಡಿಮೆ ಇರಬಾರದು, ಹಾಗಾಗಿ ಅದೂ 20. ಹಾರ್ಟ್‌ಬೀಟ್‌ಗಳ ದಾಖಲೆ ಎಷ್ಟು ಉದ್ದ ಇರಬೇಕೆಂದು ಹೇಳುವ ರೂಟ್‌ಹಿಸ್ಟರಿಲೆಂತ್ ತ್ರೆಶೋಲ್ಡ್‌ನ ಎರಡರಷ್ಟಿರಬೇಕು, ಅದಕ್ಕೆ 40. ರೀಸ್ಟಾರ್ಟ್ ಬೇಕಾಗಲಿಲ್ಲ. ಹಾರ್ಟ್‌ಬೀಟ್‌ನ ಅಂತರವನ್ನು ಮುಟ್ಟಲಿಲ್ಲ: ಸೆಕೆಂಡಿಗೊಂದು ಬರುತ್ತಿದ್ದರೆ 20 ಸೆಕೆಂಡ್‌ನಲ್ಲಿ 20 ಅವಕಾಶ ಸಿಗುತ್ತವೆ, ಅಂತರ ಹಿಗ್ಗಿಸಿದರೆ ಅದೇ ಹೊತ್ತಿನಲ್ಲಿ ಅವಕಾಶಗಳೇ ಕಡಿಮೆ.

ಎಸ್‌ಕ್ಯೂಎಲ್‌ನ ಲೀಸ್ ಟೈಮ್‌ಔಟ್ ಜೊತೆಗೂ ಇದು ಹೊಂದಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಎಸ್‌ಕ್ಯೂಎಲ್ ಮತ್ತು ಕ್ಲಸ್ಟರ್ ‘ಇನ್ನೂ ಸರಿಯಿದ್ದೇವೆ’ ಎಂದು ಪರಸ್ಪರ ಖಚಿತಪಡಿಸಿಕೊಳ್ಳುವ ಒಪ್ಪಂದವೇ ಲೀಸ್, ಅದರ ಗಡುವು 20 ಸೆಕೆಂಡ್. ಅದರ ಅರ್ಧ, ಅಂದರೆ 10, ಹಾರ್ಟ್‌ಬೀಟ್‌ಗೆ ಕಾಯುವ ಒಟ್ಟು ಹೊತ್ತಿಗಿಂತ ಕಡಿಮೆಯಿರಬೇಕು. ಹಳೆಯ 5 ಸೆಕೆಂಡ್‌ನಲ್ಲಿ ಆ ಲೆಕ್ಕವೇ ಕೂಡುತ್ತಿರಲಿಲ್ಲ. ರೆಪ್ಲಿಕಾಗಳ (ಎರಡು ಕಡೆಯ ಡೇಟಾಬೇಸ್ ನಕಲುಗಳ) ನಡುವಿನ ಸೆಷನ್ ಟೈಮ್‌ಔಟ್ ಬೇರೆಯೇ, ಅದು 10 ಸೆಕೆಂಡ್. ಅಷ್ಟು ಹೊತ್ತು ಮೀರಿದರೆ ನೋಡ್ ಕ್ಲಸ್ಟರ್‌ನಲ್ಲಿ ಉಳಿದರೂ ರೆಪ್ಲಿಕಾ ಕಡಿದುಹೋಗುತ್ತದೆ, ಮತ್ತೆ ಸಿಂಕ್ ಆಗುವವರೆಗೆ ಫೇಲ್‌ಓವರ್‌ಗೆ, ಅಂದರೆ ಇನ್ನೊಂದು ನೋಡ್ ಕೆಲಸ ವಹಿಸಿಕೊಳ್ಳುವುದಕ್ಕೆ, ಒದಗುವುದಿಲ್ಲ.

ಭಾನುವಾರ ಪರೀಕ್ಷಿಸಿದೆ. ಪ್ರೈಮರಿಯ (ಆಗ ಡೇಟಾಬೇಸ್ ನಡೆಸುತ್ತಿದ್ದ ನೋಡ್‌ನ) ನೆಟ್‌ವರ್ಕ್ ಕಾರ್ಡ್ ಅನ್ನು 8 ಸೆಕೆಂಡ್ ಆಫ್ ಮಾಡಿದರೆ ಏನೂ ಕದಲಲಿಲ್ಲ. ಪವರನ್ನೇ ಕಿತ್ತಾಗ ಇಪ್ಪತ್ತು ಸೆಕೆಂಡ್ ಕಾದ ಮೇಲೆ ಡೇಟಾಬೇಸ್ ಇನ್ನೊಂದು ನೋಡ್‌ಗೆ ಹೋಯಿತು. ಸರ್ವರ್ ನಿಜಕ್ಕೂ ಸತ್ತ ದಿನ ಬಳಕೆದಾರರು ಹದಿನೈದು ಸೆಕೆಂಡ್ ಹೆಚ್ಚು ಕಾಯಬೇಕು. ಅದನ್ನು ಮುಚ್ಚಿಡದೆ ಅಪ್ಲಿಕೇಶನ್ ತಂಡದವರ ಮುಂದಿಟ್ಟೆ. ಕನೆಕ್ಷನ್ ಕಡಿದರೆ ಅರ್ಧ ನಿಮಿಷ ಮತ್ತೆ ಮತ್ತೆ ಪ್ರಯತ್ನಿಸುವಂತೆ ಅವರು ಕೋಡ್ ಬದಲಿಸಿಕೊಟ್ಟರು. ಆ ವಾರವೇ ಸ್ನ್ಯಾಪ್‌ಶಾಟ್ ಬ್ಯಾಕಪ್ಪನ್ನೂ ಸೆಕೆಂಡರಿ ನೋಡ್‌ಗೆ ಸರಿಸಿದೆವು.